ವಾಲ್ನೂರಿನ ಸೊನ್ನೆ

ಉತ್ತಯ್ಯನವರ ಡೈರಿಗೆ ತೊಗಲಿನ ರಟ್ಟು,
ಅರವತ್ತೆಂಟರಿಂದ ಎಂಬತ್ತೊಂದರವರೆಗೆ.
ಗಾಳ ಮುರಿದದ್ದು, ದಾರ ಸಾಲದೆ ಹೋದದ್ದು,
ನಲವತ್ತೊಂದು ಪೌಂಡಿನ ಬಿಳಿಮೀನು
ರಾಗಿ ಉಂಡೆಗೆ ಬಾಯಿ ಹಾಕಿದ್ದು,
ಎಲ್ಲ ಇದೆ, ನೀಲಿ ಶಾಯಿಯ ಓರೆ ಅಕ್ಷರದಲ್ಲಿ.
ಸಿಗದ ದಿನ ಮಾತ್ರ ಇಲ್ಲ.

"ಸಿಗದಿದ್ದರೆ ಏನು ಬರೆಯೋದು?" ಅಂದರು ಸೊಸೆ,
ಕಾಫಿ ಲೋಟ ನನ್ನ ಮುಂದಿಟ್ಟು.
"ಬರಿಗೈಲಿ ಬಂದ ದಿನ ಮಾವ
ನಾಯಿಯ ಜೊತೆಗೂ ಮಾತಾಡುತ್ತಿರಲಿಲ್ಲ."

ನನಗೆ ಬೇಕಾದದ್ದು ಆ ದಿನಗಳೇ.
ನನ್ನ ಕೆಲಸ ಹೀಗೆ:
ಹೊಳೆಯನ್ನು ನೂರು ಮೀಟರಿಗೊಂದು ತುಂಡು ಮಾಡುವುದು,
ಆಳ, ಸೆಳೆತ, ಕಲ್ಲಿನ ಗಾತ್ರ, ದಡದ ನೆರಳು
ಒಂದೊಂದಕ್ಕೂ ಬರೆದಿಡುವುದು,
ಅಳಿಯುತ್ತಿರುವ ಮೀನಿಗೆ ಯಾವ ತುಂಡು ಎಷ್ಟು ಬೇಕೆಂದು
ಕಂಪ್ಯೂಟರಿನಿಂದ ಊಹೆ ಕಟ್ಟಿಸುವುದು.
ಅದಕ್ಕೆ 'ಇದೆ'ಯಷ್ಟೇ ಸಾಲದು,
'ಇಲ್ಲ'ವನ್ನೂ ಉಣಿಸಬೇಕು.
ಉಣಿಸದಿದ್ದರೆ ಕಾವೇರಿಯ ತುಂಬ
ಮೀನೇ ಮೀನು ಅನ್ನುತ್ತದೆ.

ಲೈನ್‌ಮನೆಯಿಂದ ಯರವರ ಬೊಳ್ಳಿ ಬಂದಳು.
ಅಳತೆಕೋಲು ಅವಳ ಕೈಲಿ, ಪೆನ್ಸಿಲ್ ನನ್ನ ಕಿವಿಯ ಮೇಲೆ.
ಮಡುವಿನ ಅಂಚಿಗೆ ನಿಂತು ಮೂಗೆತ್ತಿ
"ಇಲ್ಲ" ಅಂದಳು. ಸೊನ್ನೆ.
ಸೇತುವೆ ಕೆಳಗೆ, ಇಲ್ಲ. ಸೊನ್ನೆ.
ಹೊಳೆಮತ್ತಿಯ ಬೇರು ನೀರಿಗಿಳಿದಲ್ಲಿ ತಡೆದಳು,
ಎಲೆಯಡಿಕೆ ಆ ಕೆನ್ನೆಯಿಂದ ಈ ಕೆನ್ನೆಗೆ ಹೋಯಿತು.
"ಇತ್ತು."

ನನ್ನ ಪಟ್ಟಿಯಲ್ಲಿ
'ಇತ್ತು' ಅನ್ನುವುದಕ್ಕೆ ಕಾಲಂ ಇಲ್ಲ.

ಪಲ್ಪರ್ ಮನೆಯ ಹಿಂದೆ ಒಂದು ತೋಡು,
ಮೊಣಕಾಲುದ್ದ, ನಕ್ಷೆಯಲ್ಲಿ ಗೆರೆಯೂ ಅಲ್ಲ,
ಕೆಸುವಿನೆಲೆ ಹೊದ್ದು ಹೊಳೆಗೆ ಸೇರುತ್ತದೆ.
ನಾನು ದಾಟಿ ಮುಂದೆ ಹೋಗಿಬಿಟ್ಟಿದ್ದೆ.
ಬೊಳ್ಳಿ ಚಪ್ಪಲಿ ಕಳಚಿ ಅದರೊಳಗೆ ನಿಂತಳು.
"ಕಾಲಿಡಿ ಅಕ್ಕ."
ಇಟ್ಟೆ. ತಣ್ಣಗೆ. ಏನೂ ಇಲ್ಲ.
ಆಮೇಲೆ ಹೆಬ್ಬೆರಳ ಸಂದಿಯಲ್ಲಿ
ಚುಚ್ಚದ ಸೂಜಿಯೊಂದು, ಮತ್ತೊಂದು:
ಬಿಳಿಮೀನಿನ ಮರಿಗಳು, ಕಿರುಬೆರಳಷ್ಟು,
ಕಕ್ಕಡದ ಕೆನ್ನೀರಿನಲ್ಲಿ ತಾಯಿ ಏರಿ ಬಂದು
ಜಲ್ಲಿಯಲ್ಲಿ ಬಿಟ್ಟುಹೋದವು.
ನಾನು ಹದಿನೇಳು ಎಣಿಸಿದೆ.
ಬೊಳ್ಳಿ ಇಪ್ಪತ್ತಮೂರು ಅಂದಳು.
ಇಪ್ಪತ್ತಮೂರು ಬರೆದೆ.

ಸಿದ್ದಾಪುರದ ಬಾಡಿಗೆ ಕೋಣೆ, ಕೆಳಗೆ
ಕರಿಮೆಣಸು ಜರಡಿ ಹಿಡಿಯುವ ಸದ್ದು.
ಕರೆಂಟು ಎರಡು ಸಲ ಹೋಗಿ ಬಂದ ಮೇಲೆ
ಲೆಕ್ಕ ಕುದುರಿತು.
ಒಂದೊಂದೇ ತುಂಡು ಅಳಿಸಿ ನೋಡಿದೆ.
ಉತ್ತಯ್ಯನವರ ಮಡು ತೆಗೆದರೆ
ಮೀನು ಮುನಿಸಿಕೊಂಡು ಬೇರೆ ಮಡು ಹುಡುಕಿತು.
ಆ ತೋಡು ತೆಗೆದೆ.
ಪರದೆಯ ಗೆರೆ ಹನ್ನೆರಡು ವರ್ಷ ಬಾಗಿ ಬಾಗಿ
ನೆಲ ಮುಟ್ಟಿತು.
ಮತ್ತೆ ಓಡಿಸಿದೆ, ಮತ್ತೊಮ್ಮೆ.
ಮುಟ್ಟುತ್ತಲೇ ಇತ್ತು.

ಮಡಿಕೇರಿಯ ಸಭೆಯಲ್ಲಿ ಸಾಹೇಬರು ಕೇಳಿದರು,
"ಎಕರೆಗೆ ಎಷ್ಟು ಬೆಲೆ ಅಂತ ಹೇಳಿ.
ಪಲ್ಪರ್ ನೀರಿನ ಹೊಂಡಕ್ಕೆ ಅದೇ ಜಾಗ ಬೇಕಂತೆ,
ಅರ್ಜಿ ಬಂದಿದೆ."
ಹೇಳಿದೆ. ರೂಪಾಯಿಯಲ್ಲೇ ಹೇಳಿದೆ,
ತಪ್ಪಿರಬಹುದಾದಷ್ಟನ್ನೂ ಮುಚ್ಚಿಡದೆ,
ಇಷ್ಟರಿಂದ ಇಷ್ಟರವರೆಗೆ.
ಅವರು ಸಣ್ಣ ಅಂಕಿಯ ಸುತ್ತ
ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದರು.

ಡೈರಿ ವಾಪಸು ಕೊಡಲು ಹೋದೆ.
"ಕೊನೆಯ ಹಾಳೆಗಳು ಖಾಲಿ ಇವೆ," ಅಂದರು ಸೊಸೆ,
"ಏನಾದರೂ ಬರೆಯಿರಿ, ಮಾವ ಬೈಯಲಾರರು."
ತಾರೀಕು ಬರೆದೆ. ಜಾಗದ ಹೆಸರಿಗೆ
ಬೊಳ್ಳಿಗೆ ಫೋನು ಮಾಡಿದೆ.
"ತೋಡಿಗೆ ಹೆಸರು ಯಾಕಕ್ಕ,
ಪಾತ್ರೆ ತೊಳೆಯಲು ಹೋಗ್ತೀವಿ, ಅಷ್ಟೆ."

ಹೆಸರಿನ ಜಾಗ ಬಿಟ್ಟು, ಅವರ ಶಾಯಿಯ ಕೆಳಗೆ
ನನ್ನ ಪೆನ್ಸಿಲಿನಲ್ಲಿ:
ಗಾಳ ಹಾಕಲಿಲ್ಲ. ಸಿಕ್ಕಿದ್ದು, ಏನೂ ಇಲ್ಲ.
ಕಾಲಿಗೆ, ಇಪ್ಪತ್ತಮೂರು.